ಕಡೀಕ ಆರಾಮ ಇದ್ದದ್ದು ಯಾವಾಗ?

2017ರ ಆಗಸ್ಟ್ ತಿಂಗಳು. ನಾಲ್ಕು ದಿನ ಬಿಡದೆ ಹೊಡೆದ ಮಳೆ ಅಂದು ಬೆಳಗ್ಗೆ ಹೊಳವಾಗಿತ್ತು. ತೀರ್ಥಹಳ್ಳಿ ಸೀಮೆಯ ನಮ್ಮಂಥ ಅಡಿಕೆ ತೋಟದವರಿಗೆ ಆಗಸ್ಟ್‌ನಲ್ಲಿ ಒಂದು ಹೊಳವು ಸಿಕ್ಕಿತೆಂದರೆ ಬೇರೆ ಎಲ್ಲ ಕೆಲಸ ಹಿಂದೆ. ಎರಡನೇ ಸಲದ ಔಷಧಿ ಹೊಡೆಸದಿದ್ದರೆ ಕೊಳೆರೋಗ ಗೊನೆಗಳನ್ನೆಲ್ಲ ನೆಲಕ್ಕೆ ಸುರಿಸುತ್ತದೆ. ರಾತ್ರಿಯೇ ಮೈಲುತುತ್ತ ನೆನೆಹಾಕಿದ್ದೆ. ಔಷಧಿ ಹೊಡೆಯುವ ಕೊನೆಗೌಡರಿಗೆ ಹೇಳಿ ಕಳಿಸಿಯಾಗಿತ್ತು.

ಜಗಲಿಯ ಕಂಬಕ್ಕೆ ಕನ್ನಡಿ ಸಿಕ್ಕಿಸಿ ಗಡ್ಡ ಕೆರೆಯಲು ಕೂತೆ. ಪಕ್ಕದಲ್ಲಿ ರೇಡಿಯೋ, ಭದ್ರಾವತಿ ಸ್ಟೇಷನ್. 6.55ರ ಸಂಸ್ಕೃತ ವಾರ್ತೆ ಶುರುವಾಗುವಾಗ ಹೆಂಡತಿ ಬಿಸಿನೀರಿನ ತಂಬಿಗೆ ತಂದಿಟ್ಟು ಕೇಳಿದಳು: "ಔಷಧಿ ಹೊಡಿಯೋಕೆ ಎಷ್ಟು ಜನ ಬರ್ತಾರೆ? ಕಡುಬಿಗೆ ಎಷ್ಟು ಹಾಕಲಿ?" "ನಾಲ್ಕು ಜನ" ಎಂದೆ. ಅವಳು ಕೊಟ್ಟಿಗೆಗೆ ಹೋದಳು.

ಮುಂದಿನ ಎರಡು ದಿನ ನನ್ನ ಬಾಯಿಂದ ಅಂಥದೊಂದು ಸರಿಯಾದ ಮಾತು ಹೊರಡಲಿಲ್ಲ.

ವಾರ್ತೆ ಮುಗಿದು ಪ್ರದೇಶ ಸಮಾಚಾರ ಬರುತ್ತಿತ್ತು. ಬಲಗೈಯಲ್ಲಿದ್ದ ರೇಜರ್ ಜಾರಿ ತಂಬಿಗೆಯೊಳಗೆ ಬಿತ್ತು. ಎತ್ತಿಕೊಳ್ಳಲು ಕೈ ಚಾಚಿದೆ ಅಂದುಕೊಂಡೆ; ನೋಡಿದರೆ ಕೈ ತೊಡೆಯ ಮೇಲೇ ಇತ್ತು, ಬೇರೆ ಯಾರದೋ ಕೈಯನ್ನು ತಂದಿಟ್ಟ ಹಾಗೆ. ತಲೆ ಎತ್ತಿ ಕನ್ನಡಿ ನೋಡಿದೆ. ಬಲಗೆನ್ನೆಯ ಸೋಪಿನ ನೊರೆ ಬಾಯಿಯ ಮೂಲೆಗುಂಟ ಗಲ್ಲಕ್ಕೆ ಇಳಿಯುತ್ತಿತ್ತು. ಇಳಿದದ್ದು ನೊರೆ ಒಂದೇ ಅಲ್ಲ, ಬಾಯಿಯ ಆ ಮೂಲೆಯೇ ಇಳಿದಿತ್ತು. ರೇಡಿಯೋದಲ್ಲಿ ಓದುತ್ತಿದ್ದದ್ದು ಕನ್ನಡವೇ, ಧ್ವನಿಯ ಏರಿಳಿತ ಗೊತ್ತಾಗುತ್ತಿತ್ತು, ಆದರೆ ಅರ್ಥ ಕೈಗೆ ಹತ್ತಲಿಲ್ಲ. ಹೆಂಡತಿಯನ್ನು ಕೂಗಲು ಬಾಯಿ ತೆರೆದೆ. ಹೊರಬಂದದ್ದು ಒಂದು ಗೊರಗೊರ ಸದ್ದು. ಆಮೇಲೆ ಬಲಕ್ಕೆ ವಾಲಿ ಜಗಲಿಯ ಮೇಲೆ ಉರುಳಿದೆ. ನೋವು ಇರಲಿಲ್ಲ. ಇದನ್ನು ಒತ್ತಿ ಹೇಳಬೇಕು. ಎದೆನೋವಾದರೆ ಮನುಷ್ಯ ಕಿರುಚುತ್ತಾನೆ, ಮನೆಯವರು ಓಡಿಬರುತ್ತಾರೆ. ನನ್ನ ಮಿದುಳಿನ ಎಡಭಾಗದ ಒಂದು ರಕ್ತನಾಳ ಕಟ್ಟಿಕೊಂಡಿತ್ತು, ನನಗೆ ಎಲ್ಲಿಯೂ ನೋಯಲಿಲ್ಲ.

ನಾನು ಮೂವತ್ತು ವರ್ಷಕ್ಕೂ ಮೇಲೆ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಬಿ.ಪಿ. ಇದೆ ಎಂದು ಗೊತ್ತಿತ್ತು. ಮಾತ್ರೆ ಮುಗಿದಿತ್ತು; ಮಳೆ ಕಡಿಮೆಯಾದ ಮೇಲೆ ಪೇಟೆಗೆ ಹೋದಾಗ ತಂದರಾಯಿತು ಎಂದು ಒಂದು ತಿಂಗಳು ದೂಡಿದ್ದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಹದಿನೈದು ದಿನ ಮೊದಲು ಮಧ್ಯಾಹ್ನದ ಊಟಕ್ಕೆ ಕೂತಾಗ ಬಲಗೈ ಬೆರಳುಗಳು ಅನ್ನ ಕಲಸಲಿಲ್ಲ. ನಾಲಿಗೆ ತೊಡರಿತು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಜೋಮು ಹಿಡಿದಿತ್ತು ಎಂದು ಹೇಳಿ ಮಜ್ಜಿಗೆ ಕುಡಿದು ಎದ್ದೆ. ಅದು ಜೋಮಲ್ಲ, ಸಣ್ಣದೊಂದು ಹೆಪ್ಪು ಬಂದು ತಡೆದು ತಾನಾಗಿಯೇ ಕರಗಿಹೋದದ್ದು. ಹಾಗೆ ಬಂದುಹೋದ ಮೇಲಿನ ಮೊದಲ ಕೆಲವು ದಿನ, ಮೊದಲ ಕೆಲವು ವಾರಗಳೇ ಎಲ್ಲಕ್ಕಿಂತ ಅಪಾಯದ್ದು. ಸರಿಹೋಯಿತಲ್ಲ ಎಂದು ಸುಮ್ಮನಾದೆ. ಅವತ್ತೇ ಡಾಕ್ಟರ ಹತ್ತಿರ ಹೋಗಿದ್ದರೆ ಈ ಬರಹವೇ ಬೇಕಿರಲಿಲ್ಲವೇನೋ.

ಹೆಂಡತಿ ಹಾಲು ಕರೆದು ಬಂದು ನನ್ನನ್ನು ನೋಡಿದಾಗ ಏಳೂವರೆ. ಅವಳ ಕೂಗಿಗೆ ಕೆಳಗಿನ ಮನೆಯವರು ಬಂದರು, ಔಷಧಿ ಹೊಡೆಯಲು ಬಂದವರೂ ಸೇರಿದರು. ಒಬ್ಬರು ಪಿತ್ತ ಎಂದರು. ಒಬ್ಬರು ಗಾಳಿ ಸೋಕು ಎಂದರು. ಹಿರಿಯರೊಬ್ಬರು ಸರಿಯಾಗಿಯೇ ಗುರುತಿಸಿದರು: "ಇದು ಲಕ್ವ." ಆದರೆ ಅವರ ಮುಂದಿನ ಮಾತು, ಇಂಥ ಊರಲ್ಲಿ ಲಕ್ವಕ್ಕೆ ಬೇರು ಅರೆದು ಕೊಡುವವರಿದ್ದಾರೆ, ಜೀಪು ಮಾಡಿ ಅಲ್ಲಿಗೇ ಹೋಗೋಣ ಎಂಬುದು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಪ್ರಾಯದಲ್ಲಿ ಅವರು ಕಂಡದ್ದು ಅದೊಂದೇ ದಾರಿ.

ಅಷ್ಟರಲ್ಲಿ ಯಾರೋ ನೀರಿನ ಲೋಟ ತಂದರು.

ಇಲ್ಲಿ ನಾನು 1988ಕ್ಕೆ ಹೋಗಬೇಕು. ನಮ್ಮ ಅಪ್ಪ ಹೀಗೆಯೇ ಬಿದ್ದಿದ್ದರು, ಇದೇ ಜಗಲಿಯಲ್ಲಿ. ಆಗ ಲಕ್ವಕ್ಕೆ ಹೆಪ್ಪು ಕರಗಿಸುವ ಚಿಕಿತ್ಸೆ ಇರಲಿಲ್ಲ. ಅಮೆರಿಕದಲ್ಲೇ ಲಕ್ವಕ್ಕೆ ಆ ಇಂಜೆಕ್ಷನ್ ಕೊಡಲು ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಹಾಗಾಗಿ ಅಪ್ಪನ ಕೈಕಾಲು ಉಳಿಸಿಕೊಳ್ಳಲಾಗಲಿಲ್ಲ ಎಂಬ ಕೊರಗು ನನಗಿಲ್ಲ. ಕೊರಗು ಬೇರೆಯದು. ಬಿದ್ದವರಿಗೆ ನೀರು ಕುಡಿಸಬೇಕು ಎಂದು ಎಲ್ಲರೂ ಹೇಳಿದರು. ನಾನು ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಲೋಟ ಬಾಗಿಸಿದೆ. ಅವರು ಕೆಮ್ಮಿದರು. ಸ್ವಲ್ಪ ತಡೆದು ಮತ್ತೆ ಬಾಗಿಸಿದೆ. ನುಂಗುವ ಸ್ನಾಯುಗಳೂ ಬಿದ್ದುಹೋಗಿರುತ್ತವೆ, ನೀರು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೂರನೇ ದಿನ ಜ್ವರ ಬಂತು, ಎದೆಯಲ್ಲಿ ಕಫದ ಸದ್ದು. ಒಂಬತ್ತನೇ ದಿನ ಹೋದರು. ಲಕ್ವ ಅವರನ್ನು ಮಲಗಿಸಿತು ನಿಜ, ಕೊನೆಗೆ ಕರೆದೊಯ್ದದ್ದು ನ್ಯುಮೋನಿಯಾ. ಆ ಲೋಟ ಹಿಡಿದದ್ದು ನನ್ನ ಕೈ. ಇದು ನನಗೆ ಅರ್ಥವಾದದ್ದು ಎಷ್ಟೋ ವರ್ಷದ ನಂತರ, ಆರೋಗ್ಯ ಇಲಾಖೆಯವರು ಶಾಲೆಯಲ್ಲಿ ನಡೆಸಿದ ಒಂದು ತರಬೇತಿಯಲ್ಲಿ ಕೂತಿದ್ದಾಗ. ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ.

ಈಗ ಅದೇ ಲೋಟ ನನ್ನ ಬಾಯಿಗೆ ಬರುತ್ತಿತ್ತು. ಹಿತ್ತಾಳೆಯ ಅಂಚು ತುಟಿಗೆ ತಾಗಿತು, ತಣ್ಣಗೆ. ಬೇಡ ಎನ್ನಲು ನನ್ನಲ್ಲಿ ಮಾತಿರಲಿಲ್ಲ. ಬಲಗಡೆಯ ತುಟಿ ಮುಚ್ಚುತ್ತಿರಲಿಲ್ಲ. ಹಲ್ಲು ಕಚ್ಚಿದೆ. ನೀರು ಗಲ್ಲಕ್ಕೆ ಸುರಿಯಿತು. "ಬಾಯಿ ಕಚ್ಚಿಕೊಂಡಿದ್ದಾರೆ, ಚಮಚ ಹಾಕಿ ಬಿಡಿಸಿ" ಎಂದಿತು ಒಂದು ದನಿ. ಎಡಗೈಯಿಂದ ಆ ಲೋಟವನ್ನು ತಳ್ಳಿದೆ. ಅದು ಜಗಲಿಯ ಮೇಲೆ ಉರುಳಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ರೋಗಿಗೆ ಸನ್ನಿ ಹಿಡಿದಿದೆ ಎಂದುಕೊಂಡರು.

ಆಗ ಬಂದದ್ದು ನಮ್ಮೂರ ಆಶಾ ಕಾರ್ಯಕರ್ತೆ. ನನ್ನದೇ ಹಳೆಯ ವಿದ್ಯಾರ್ಥಿನಿ. ಮೆಟ್ಟಿಲು ಹತ್ತುತ್ತಲೇ "ಯಾರೂ ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ, ಮಾತ್ರೆಯೂ ಬೇಡ" ಎಂದಳು. ಜೊಲ್ಲು ಗಂಟಲಿಗೆ ಹೋಗದಂತೆ ನನ್ನನ್ನು ಮಗ್ಗುಲಾಗಿ ಮಲಗಿಸಿದಳು. ಬಲಗೈಯನ್ನು ಎಳೆಯಲು ಬಿಡದೆ ಮೆಲ್ಲಗೆ ಎತ್ತಿ ಎದೆಯ ಮುಂದೆ ಇಟ್ಟಳು. ಲ್ಯಾಂಡ್‌ಲೈನ್ ಮಳೆಗೆ ಸತ್ತು ವಾರವಾಗಿತ್ತು; ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಹುಡುಗನೊಬ್ಬನನ್ನು ಓಡಿಸಿದಳು. "108ಕ್ಕೆ ಹೇಳು, ಬಾಯಿ ಸೊಟ್ಟಾಗಿದೆ, ಬಲಗೈ ಎತ್ತುತ್ತಿಲ್ಲ, ಮಾತಿಲ್ಲ, ಲಕ್ವ ಅಂತ ಹೇಳು. ಸುಮ್ನೆ ಹುಷಾರಿಲ್ಲ ಅನ್ಬೇಡ." ಕರೆ ಹೋದಾಗ 7.50. ಕರ್ನಾಟಕದಲ್ಲಿ ಈ 108ರ ಸೇವೆ ಶುರುವಾದದ್ದು 2008ರ ನವೆಂಬರ್‌ನಲ್ಲಿ. ಹತ್ತು ವರ್ಷ ಹಿಂದೆ ಬಿದ್ದಿದ್ದರೆ ನನಗೆ ಅದೂ ಇರುತ್ತಿರಲಿಲ್ಲ.

ಆಂಬುಲೆನ್ಸ್ ಬರುವ ಮೊದಲು ಇನ್ನೊಂದು ಗಂಡಾಂತರ ಬಂತು. ನೆಂಟರೊಬ್ಬರು ಬಿ.ಪಿ. ಇಳಿಸುವ ಕ್ಯಾಪ್ಸೂಲ್ ತಂದಿದ್ದರು. ಸೂಜಿಯಿಂದ ಚುಚ್ಚಿ ನಾಲಿಗೆಯ ಕೆಳಗೆ ಎರಡು ಹನಿ ಬಿಟ್ಟರೆ ಬಿ.ಪಿ. ಸರ್ರನೆ ಇಳಿಯುತ್ತದೆ, ಅವರಿಗೆ ಗೊತ್ತಿದ್ದ ಯಾರಿಗೋ ಹಾಗೆ ಮಾಡಿದ್ದರು. ಆಶಾ ಹುಡುಗಿ ಅಡ್ಡ ನಿಂತಳು. ಹಿರಿಯರೆದುರು ಎದುರುಮಾತು ಆಡಲು ಅವಳಿಗೆ ಎಷ್ಟು ಧೈರ್ಯ ಬೇಕಾಯಿತೋ. "ಆಂಬುಲೆನ್ಸಿನವರು ಬಂದು ಹೇಳಿದರೆ ಕೊಡಿ" ಎಂದಷ್ಟೇ ಹೇಳಿ ನನ್ನ ಪಕ್ಕ ಬಿಡದೆ ಕೂತಳು.

ರಸ್ತೆಯಿಂದ ನಮ್ಮನೆಗೆ ವಾಹನ ಬರುವುದಿಲ್ಲ. ಹಳ್ಳ ತುಂಬಿತ್ತು, ಕಾಲುಸಂಕ ಒಂದೇ ದಾರಿ. 8.20ರ ಹೊತ್ತಿಗೆ ಸೈರನ್ ಕೇಳಿಸಿತು. ಸ್ವಲ್ಪ ಹೊತ್ತಿಗೆ ಹೆಗಲಿಗೆ ಬ್ಯಾಗು ಹಾಕಿಕೊಂಡ ಒಬ್ಬ ಹುಡುಗ ಸಂಕ ದಾಟಿ, ತೋಟದ ಕೆಸರಲ್ಲಿ ಜಾರುತ್ತ ಏರಿ ಬಂದ. ಇಪ್ಪತ್ತೈದು ವರ್ಷ ಇದ್ದೀತು. ಉತ್ತರ ಕರ್ನಾಟಕದ ಮಾತು.

ಮೊದಲು ಉಸಿರು ನೋಡಿದ, ಬಾಯೊಳಗೆ ಏನಾದರೂ ಸಿಕ್ಕಿದೆಯೇ ನೋಡಿದ. ಬೆರಳಿಗೆ ಕ್ಲಿಪ್ ಹಾಕಿದ: 96. "ಆಕ್ಸಿಜನ್ ಹಾಕ್ರಿ" ಎಂದು ನಾಲ್ಕು ಜನ ಹೇಳಿದರು. 94ಕ್ಕಿಂತ ಕೆಳಗೆ ಬಂದರೆ ಹಾಕುತ್ತೇನೆ, ಈಗ ಬೇಕಿಲ್ಲ ಎಂದ. ಆಮೇಲೆ ನನ್ನ ಎಡಗೈ ಉಂಗುರಬೆರಳಿನ ತುದಿಗೆ ಚುಚ್ಚಿ ಒಂದು ಹನಿ ರಕ್ತ ಪಟ್ಟಿಗೆ ಮುಟ್ಟಿಸಿದ. ಸಕ್ಕರೆ 142. ಆ ಹನಿಗೆ ಎಷ್ಟು ಬೆಲೆ ಎಂದು ಆಮೇಲೆ ತಿಳಿಯಿತು. ರಕ್ತದಲ್ಲಿ ಸಕ್ಕರೆ ತೀರಾ ಇಳಿದವರೂ ಥೇಟ್ ಲಕ್ವ ಹೊಡೆದವರ ಹಾಗೆ ತೊದಲುತ್ತಾರೆ, ಒಂದು ಕಡೆ ಬಿದ್ದುಹೋಗುತ್ತಾರೆ. ಅವರಿಗೆ ಗ್ಲೂಕೋಸ್ ಕೊಟ್ಟರೆ ಎದ್ದು ಕೂರುತ್ತಾರೆ. ನನ್ನಂಥವರಿಗೆ ಅದೇ ಗ್ಲೂಕೋಸ್ ಕೇಡು. ಎರಡನ್ನೂ ಬೇರೆ ಮಾಡಿ ತೋರಿಸುವುದು ಆ ಒಂದು ಹನಿ.

"ಸರ, ಹಲ್ಲು ತೋರಸ್ರಿ, ನಗ್ರಿ." ನಕ್ಕೆ ಅಂದುಕೊಂಡೆ. ಎಡಗಡೆ ಮಾತ್ರ ನಕ್ಕಿತ್ತು. "ಎರಡೂ ಕೈ ಮುಂದ ಚಾಚ್ರಿ, ಕಣ್ಣು ಮುಚ್ರಿ." ಎಡಗೈ ನಿಂತಿತು. "ಏನರ ಮಾತಾಡ್ರಿ, ನಿಮ್ಮೂರ ಹೆಸರ ಹೇಳ್ರಿ." ಊರಿನ ಹೆಸರು ನನ್ನ ತಲೆಯೊಳಗೆ ಕಪ್ಪು ಹಲಗೆಯ ಮೇಲೆ ಬರೆದಷ್ಟು ಸ್ಪಷ್ಟವಾಗಿತ್ತು. ನಾಲಿಗೆಗೆ ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಅವನು ಅದನ್ನು ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ, "ನಿಮಗ ಎಲ್ಲಾ ತಿಳೀಲಿಕ್ಕತ್ತೈತಿ, ನನಗ ಗೊತ್ತೈತ್ರಿ ಸರ. ಅಂಜಬ್ಯಾಡ್ರಿ" ಎಂದ. ಅಲ್ಲಿ ನೆರೆದ ಇಪ್ಪತ್ತು ಜನರಲ್ಲಿ ನನ್ನೊಂದಿಗೆ ನೇರ ಮಾತಾಡಿದವನು ಅವನೊಬ್ಬನೇ. ಉಳಿದವರೆಲ್ಲ ನನ್ನ ಬಗ್ಗೆ ಮಾತಾಡುತ್ತಿದ್ದರು.

ಬಿ.ಪಿ. 180ರ ಮೇಲಿತ್ತು. ಕ್ಯಾಪ್ಸೂಲಿನ ನೆಂಟರು ಮುಂದೆ ಬಂದರು. ಅವನು ಕೈ ಮುಗಿದು ಬೇಡ ಎಂದ. ನಾಳ ಕಟ್ಟಿದಾಗ ಅಕ್ಕಪಕ್ಕದ ಸಣ್ಣ ನಾಳಗಳಿಂದಲಾದರೂ ರಕ್ತ ತಳ್ಳಲು ಮೈ ತಾನೇ ಒತ್ತಡ ಏರಿಸಿಕೊಂಡಿರುತ್ತದೆ. ಅದನ್ನು ಒಮ್ಮೆಲೇ ಕೆಡವಿದರೆ ಇನ್ನೂ ಜೀವ ಹಿಡಿದುಕೊಂಡಿರುವ ಭಾಗವೂ ಒಣಗುತ್ತದೆ. ತೋಟಕ್ಕೆ ನೀರು ಹಾಯಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಮಾಡಲು ಅವನಿಗೆ ಹಿಡಿದದ್ದು ಐದಾರು ನಿಮಿಷ. ಕೊನೆಗೆ ನನ್ನ ಹೆಂಡತಿಯತ್ತ ತಿರುಗಿ ಕೇಳಿದ: "ಅಮ್ಮಾ, ಯಜಮಾನ್ರು ಕಡೀಕ ಆರಾಮ ಇದ್ದದ್ದು ಯಾವಾಗ ನೋಡಿದ್ರಿ?"

"ಏಳೂವರೆಗೆ ಬಿದ್ದಿದ್ದರು" ಎಂದಳು.

"ಬಿದ್ದದ್ದು ಅಲ್ಲರಿ. ಆರಾಮ ಇದ್ದದ್ದು."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಯೋಚಿಸಿದಳು. ನನಗೆ ನಿಜವಾದ ಹೊತ್ತು ಗೊತ್ತಿತ್ತು, ಪ್ರದೇಶ ಸಮಾಚಾರ ಬರುತ್ತಿತ್ತು. ಹೇಳಲಾಗದೆ ಕಣ್ಣಿಂದ ರೇಡಿಯೋ ಕಡೆ ನೋಡಿದೆ. ಅವಳು ನನ್ನ ನೋಟ ಹಿಡಿದಳೋ ಅಥವಾ ತಾನೇ ನೆನಪಿಸಿಕೊಂಡಳೋ, ಇಬ್ಬರಿಗೂ ಇವತ್ತಿಗೂ ಗೊತ್ತಿಲ್ಲ. "ಸಂಸ್ಕೃತ ವಾರ್ತೆ ಶುರುವಾಗ್ತಿತ್ತು. ನಾಲ್ಕು ಜನ ಬರ್ತಾರೆ ಅಂದ್ರು. ಸ್ಪಷ್ಟ ಅಂದ್ರು. ನಾನು ನಾಲ್ಕು ಜನಕ್ಕೇ ಕಡುಬಿಗೆ ಹಾಕಿದ್ದೀನಿ."

ಅವನು ಬ್ಯಾಗಿನಿಂದ ಬಿಳಿ ಪ್ಲಾಸ್ಟರ್ ಹರಿದು, ಅದರ ಮೇಲೆ ಪೆನ್ನಿನಲ್ಲಿ 6.55 ಎಂದು ಬರೆದು ನನ್ನ ಅಂಗಿಯ ಎದೆಗೆ ಅಂಟಿಸಿದ.

ಈ ಒಂದು ಅಂಕಿಗಾಗಿ ನಾನು ಇದನ್ನೆಲ್ಲ ಬರೆಯುತ್ತಿದ್ದೇನೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯ ಗಡುವಿದೆ. ಗಡಿಯಾರ ಓಡಲು ಶುರುವಾಗುವುದು ಮನೆಯವರು ನೋಡಿದಾಗಿನಿಂದಲ್ಲ, ರೋಗಿ ಕೊನೆಯ ಸಲ ಸರಿಯಾಗಿ ಇದ್ದದ್ದನ್ನು ಯಾರಾದರೂ ಕಂಡ ಗಳಿಗೆಯಿಂದ. ಅವಳು ಆ ಬೆಳಗ್ಗೆ ನನ್ನನ್ನು ಮಾತಾಡಿಸದೆ ತಂಬಿಗೆ ಇಟ್ಟು ಹೋಗಿದ್ದರೆ, ನನ್ನ ಹೊತ್ತು ಹಿಂದಿನ ರಾತ್ರಿ ಮಲಗಿದ ಹತ್ತು ಗಂಟೆಗೆ ಹೋಗಿಬಿಡುತ್ತಿತ್ತು. ಆಸ್ಪತ್ರೆ ಬಾಗಿಲಿಗೆ ಬಂದರೂ ಆ ಇಂಜೆಕ್ಷನ್ ನನಗೆ ಸಿಗುವುದು ಕಷ್ಟವಿತ್ತು. ಇನ್ನೊಂದು ಕಡೆ, ಏಳೂವರೆ ಎಂದೇ ಬರೆದುಕೊಂಡಿದ್ದರೆ ಇಲ್ಲದ ಅರ್ಧ ಗಂಟೆಯನ್ನು ನಂಬಿ ಮೋಸಹೋಗುತ್ತಿದ್ದೆವು. ಗಡುವು ಮೀರಿ ಕೊಟ್ಟರೆ ಅದೇ ಔಷಧಿ ತಲೆಯೊಳಗೆ ರಕ್ತ ಸುರಿಸುವ ಭಯ ಏರುತ್ತ ಹೋಗುತ್ತದೆ.

ಮಡಚುವ ಸ್ಟ್ರೆಚರ್ ಮೇಲೆ ಸಂಕ ದಾಟಿಸಿದರು. ಔಷಧಿ ಹೊಡೆಯಲು ಬಂದ ನಾಲ್ವರೇ ಹೊತ್ತರು. ವಾಹನ ಹೊರಟಾಗ 8.45. ಪೇಟೆಯಲ್ಲಿ ಪರಿಚಯದ ಕ್ಲಿನಿಕ್ಕಿಗೆ ಒಂದು ಸಲ ತೋರಿಸಿ ಹೋಗೋಣ ಎಂದು ಜೊತೆಗೆ ಬಂದವರು ಹಟ ಮಾಡಿದರು. ಹುಡುಗ ಒಪ್ಪಲಿಲ್ಲ. "ಸಿಟಿ ಸ್ಕ್ಯಾನ್ ಇಲ್ಲದ ಕಡೆ ಒಂದು ನಿಮಿಷಾನೂ ನಿಲ್ಲೂದು ಬ್ಯಾಡ್ರಿ" ಎಂದ. ಲಕ್ವ ಹೆಪ್ಪಿನಿಂದ ಆದದ್ದೋ ನಾಳ ಒಡೆದು ಆದದ್ದೋ ಎಂದು ಮುಖ ನೋಡಿ ಯಾವ ಡಾಕ್ಟರೂ ಹೇಳಲಾರರು. ಒಡೆದಿದ್ದರೆ ಒಂದು ಆಸ್ಪಿರಿನ್ ಮಾತ್ರೆಯೂ ವಿಷ. ಅದಕ್ಕೇ ಸ್ಕ್ಯಾನ್ ಮೊದಲು. ದಾರಿಯಲ್ಲೇ ಫೋನು ಮಾಡಿ ಶಿವಮೊಗ್ಗದ ಆಸ್ಪತ್ರೆಗೆ ವಯಸ್ಸು, ಹೊತ್ತು, ಬಿ.ಪಿ., ಸಕ್ಕರೆ ಎಲ್ಲ ಹೇಳಿದ. ಎಡಗೈಗೆ ಸೂಜಿ ಹಾಕಿ ಬರೀ ಸಲೈನ್ ಹಚ್ಚಿದ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರ್ ಚಿಲ್ಲರೆ. ಎಷ್ಟು ಸಲ ಓಡಾಡಿದ ದಾರಿ. ಆವತ್ತು ಆ ದಾರಿ ನನಗೆ ಕಂಡದ್ದು ವಾಹನದ ಮೇಲಿನ ಚಾವಣಿ, ಕಿಟಕಿಯಲ್ಲಿ ಓಡುವ ಮರದ ತುದಿಗಳು, ಅಷ್ಟೇ. ತಿರುವಿನ ಲೆಕ್ಕದ ಮೇಲೆ ಎಲ್ಲಿದ್ದೇವೆ ಎಂದು ಊಹಿಸುತ್ತಿದ್ದೆ. ಮಂಡಗದ್ದೆ ಹತ್ತಿರ ಮರ ಬಿದ್ದು ಹತ್ತು ನಿಮಿಷ ನಿಂತೆವು. ಹೊರಗೆ ಕೊಡಲಿಯ ಸದ್ದು, ತುಂಗೆಯ ನಡುಗಡ್ಡೆಯ ಬೆಳ್ಳಕ್ಕಿಗಳ ಗಲಾಟೆ. ದೊಡ್ಡ ನಾಳವೊಂದು ಕಟ್ಟಿ ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂದು 2006ರಲ್ಲಿ ಜೆಫ್ರಿ ಸೇವರ್ ಎಂಬ ಅಮೆರಿಕದ ವೈದ್ಯರು ಲೆಕ್ಕ ಹಾಕಿದ್ದಾರೆ. ಆಮೇಲೆ ಅದನ್ನು ಓದಿದಾಗ ಮೇಷ್ಟ್ರ ಚಾಳಿಯಿಂದ ಗುಣಿಸಿದೆ: ಆ ಮರದ ಪಾಲು ಒಂದು ಕೋಟಿ ತೊಂಬತ್ತು ಲಕ್ಷ. ಅವುಗಳಲ್ಲಿ ಯಾವ ಪದಗಳು ಇದ್ದವೋ. ಬೆಳ್ಳಕ್ಕಿ ಎಂಬ ಪದ ಉಳಿದಿದೆ.

ಮರ ಸರಿಯುವುದನ್ನು ಕಾಯುತ್ತ ನನ್ನ ಜೊಲ್ಲನ್ನು ಪೈಪಿನಿಂದ ಎಳೆಯುತ್ತಿದ್ದ ಹುಡುಗ ಹೆಂಡತಿಯ ಗಮನ ಬೇರೆಡೆ ಸೆಳೆಯಲೋ ಏನೋ, ಹಿಂದಿನ ವಾರದ ಒಂದು ಕೇಸು ಹೇಳುತ್ತಿದ್ದ. ಒಬ್ಬ ಹುಡುಗನಿಗೆ ಮೂರ್ಛೆ ಬಂದಿತ್ತಂತೆ. ಮನೆಯವರು ಕೈಗೆ ಬೀಗದ ಕೈ ಹಿಡಿಸಿ, ಹಲ್ಲಿನ ನಡುವೆ ಚಮಚ ತುರುಕಿ ಎರಡು ಹಲ್ಲು ಮುರಿದಿದ್ದರು. ಮಗ್ಗುಲಾಗಿ ಮಲಗಿಸಿ, ಸುತ್ತಲಿನ ಗಟ್ಟಿ ಸಾಮಾನು ಸರಿಸಿ, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಕೂಡಲೇ ಫೋನು ಮಾಡಬೇಕು ಎಂದ. ಅದರಲ್ಲೂ ಗಡಿಯಾರವೇ.

10.10ಕ್ಕೆ ಶಿವಮೊಗ್ಗ. ಬಾಗಿಲಲ್ಲೇ ಕಾಯುತ್ತಿದ್ದರು. ಡಾಕ್ಟರು ನನ್ನ ಮುಖಕ್ಕಿಂತ ಮೊದಲು ನೋಡಿದ್ದು ಎದೆಯ ಮೇಲಿನ ಪ್ಲಾಸ್ಟರನ್ನು. ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ. ಬಿ.ಪಿ. 185/110ರ ಒಳಗಿರಬೇಕು, ಇತ್ತು. ತೂಕ ನೋಡಿದರು, ಔಷಧಿಯ ಪ್ರಮಾಣ ಅದರ ಮೇಲೆ. ನೂರರಲ್ಲಿ ಸುಮಾರು ಆರು ಜನಕ್ಕೆ ಇದರಿಂದ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು ಎಂದು ಹೆಂಡತಿಗೆ ಮುಚ್ಚಿಡದೆ ಹೇಳಿದರು. ಅವಳು ನನ್ನನ್ನು ನೋಡಿದಳು. ನಾನು ಎಡಗೈಯಿಂದ ಅವಳ ಕೈ ಒತ್ತಿದೆ. ಸಹಿ ಹಾಕಿದಳು. ಇಂಜೆಕ್ಷನ್ ಹೋದಾಗ 10.50. ಗಡುವಿಗೆ ಮೂವತ್ತೈದು ನಿಮಿಷ ಬಾಕಿ.

ಸಿನಿಮಾದ ಹಾಗೆ ಎದ್ದು ಕೂರಲಿಲ್ಲ. ಸಂಜೆಗೆ ಬಲಗೈ ಹೆಬ್ಬೆರಳು ಅಲುಗಿತು. ಮಾರನೆಯ ದಿನ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ನೀರು ಕೊಟ್ಟು, ಕೆಮ್ಮುತ್ತೇನೆಯೇ ಎಂದು ಪರೀಕ್ಷೆ ಮಾಡಿದ ಮೇಲೆ ಗಂಜಿ ಕೊಟ್ಟರು. ಮೊದಲ ಚಮಚ ನುಂಗಿದಾಗ ಅಪ್ಪನ ನೆನಪಾಗಿ ತುಂಬಾ ಅತ್ತೆ, ನರ್ಸ್ ಗಾಬರಿಯಾದರು. ಮೂರನೇ ದಿನ ಮಾತು ಬಂತು, ವಿಚಿತ್ರವಾಗಿ ಬಂತು. ಹೆಂಡತಿಯ ಹೆಸರು ಬರಲಿಲ್ಲ, ಎರಡರ ಮಗ್ಗಿ ಬಂತು. ಎರಡೊಂದ್ಲ ಎರಡರಿಂದ ಎರಡ್ಹತ್ಲ ಇಪ್ಪತ್ತರವರೆಗೆ ತಡೆಯಿಲ್ಲದೆ. ವಾರದ ದಿನಗಳು ಸಾಲಾಗಿ ಬಂದವು, ಇವತ್ತು ಯಾವ ವಾರ ಎಂದರೆ ಬಾಯಿ ಕಟ್ಟುತ್ತಿತ್ತು. ಲೋಟವನ್ನು ಛತ್ರಿ ಎಂದೆ. ಮಾತಿನ ಚಿಕಿತ್ಸೆ ಎಂಟು ತಿಂಗಳು ನಡೆಯಿತು. ಈಗಲೂ ಸುಸ್ತಾದಾಗ ಪದ ತಡವಾಗಿ ಬರುತ್ತದೆ, ಬರೆಯುವಾಗ ಬಲಗೈ ಬೇಗ ಸೋಲುತ್ತದೆ. ಈ ಬರಹಕ್ಕೆ ಹನ್ನೊಂದು ದಿನ ಹಿಡಿದಿದೆ.

ಆ ಹುಡುಗನನ್ನು ಮತ್ತೆ ನೋಡಲಾಗಲಿಲ್ಲ. ನಾನು ನಡೆಯುವಂತಾಗಿ ಹುಡುಕಿಕೊಂಡು ಹೋಗುವಷ್ಟರಲ್ಲಿ ಅವನು ಬೇರೆ ಜಿಲ್ಲೆಗೆ ಹೋಗಿದ್ದ. ಆಶಾ ಹುಡುಗಿಯ ಮನೆಗೆ ಹೋಗಿ ಕೈ ಮುಗಿದಾಗ ಅವಳು ಸಂಕೋಚದಿಂದ ಒಳಗೆ ಓಡಿಹೋದಳು. ಪ್ಲಾಸ್ಟರಿನ ತುಂಡು ಆ ವರ್ಷದ ಪಂಚಾಂಗದೊಳಗಿದೆ. ಶಾಯಿ ಸ್ವಲ್ಪ ಹರಡಿದೆ, ಅಂಕಿ ಓದಬಹುದು.

ಆಸ್ಪತ್ರೆಯಿಂದ ಬಂದ ಮೇಲೆ ಹೆಂಡತಿಗೆ ಹೊಸದೊಂದು ರೂಢಿ ಬಂತು. ಬೆಳಗ್ಗೆ ರೇಡಿಯೋದಲ್ಲಿ ಸಂಸ್ಕೃತ ವಾರ್ತೆ ಶುರುವಾದ ಕೂಡಲೇ ಎಲ್ಲಿದ್ದರೂ ಜಗಲಿಗೆ ಬಂದು ಏನಾದರೊಂದು ಕೇಳುತ್ತಾಳೆ. ಹಾಲಿನವರಿಗೆ ಎಷ್ಟು ಕೊಡಬೇಕು, ಪತ್ರೊಡೆಗೆ ಕೆಸುವಿನ ಎಲೆ ಎಲ್ಲಿ ಸಿಕ್ಕೀತು, ಅಂಥದ್ದು. ಕೇಳಿ, ಕೈಯಲ್ಲಿ ಇರುವುದನ್ನು ಹಾಗೆಯೇ ಹಿಡಿದು ನಿಲ್ಲುತ್ತಾಳೆ. ನಾನು ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳುತ್ತೇನೆ. ಆಮೇಲೆ ಕೊಟ್ಟಿಗೆಗೆ ಹೋಗುತ್ತಾಳೆ.